ಹಳೆಯ ಟೂ-ಸ್ಟ್ರೋಕ್ ಲಾನ್ ಮೋವರ್ ಎಳೆತ ಕಳೆದುಕೊಂಡಾಗ: ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ಹಗ್ಗ ಎಳೆದರೆ ಎಂಜಿನ್ ಚಾಲೂ ಆಗುತ್ತದೆ, ಖಾಲಿ ಓಡುವಾಗ ಸದ್ದಿನಲ್ಲಿ ಯಾವ ದೋಷವೂ ಕಾಣುವುದಿಲ್ಲ, ಆದರೆ ಯಂತ್ರವನ್ನು ದಟ್ಟವಾದ ಹುಲ್ಲಿಗೆ ನೂಕಿದೊಡನೆ ವೇಗ ಕುಸಿದು, ಬ್ಲೇಡು ಹುಲ್ಲನ್ನು ಕತ್ತರಿಸುವ ಬದಲು ಮಲಗಿಸಿಕೊಂಡು ಹೋಗುತ್ತದೆ. ಹಳೆಯ ಟೂ-ಸ್ಟ್ರೋಕ್ ಲಾನ್ ಮೋವರ್ ಇಟ್ಟುಕೊಂಡವರಿಗೆ ಈ ಸ್ಥಿತಿ ಹೊಸದಲ್ಲ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಇದು ಬಹುಮಟ್ಟಿಗೆ ಜೂನ್-ಜುಲೈ ತಿಂಗಳಲ್ಲಿ, ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಗೊತ್ತಾಗುತ್ತದೆ. ಬೇಸಿಗೆಯುದ್ದಕ್ಕೂ ಯಂತ್ರ ಮೂಲೆ ಸೇರಿರುತ್ತದೆ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಕೆಟ್ಟಿರುತ್ತದೆ, ಮೇಲೆಲ್ಲ ಎರೆಮಣ್ಣಿನ ನುಣ್ಣನೆಯ ಧೂಳು ಕುಳಿತಿರುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಬಿಚ್ಚುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಕೊನೆಯಲ್ಲಿ ಕೈ ಹಾಕಬೇಕಾದ ಭಾಗ. ಅದನ್ನು ಬಿಚ್ಚಿ, ಸ್ಕ್ರೂಗಳನ್ನು ತಿರುಗಿಸಿದ ಮೇಲೆ ಮೊದಲಿದ್ದ ಹೊಂದಾಣಿಕೆ ತಪ್ಪಿಹೋಗಿ, ಒಂದಿದ್ದ ದೋಷ ಎರಡಾಗುತ್ತದೆ. ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಬೇಕು; ಒಂದು ಪರೀಕ್ಷೆ ಬೆರಳು ತೋರಿಸಿದ ಭಾಗವನ್ನು ಮಾತ್ರ ಬಿಚ್ಚಬೇಕು. ಮುಂದಿನ ಹಂತಗಳನ್ನು ಆ ಕ್ರಮದಲ್ಲಿಯೇ ಜೋಡಿಸಿದ್ದೇನೆ.

ಎಂಜಿನ್ ಉಸಿರಾಡುವ ಬಗೆ

ಈ ಎಂಜಿನ್ನುಗಳೆಲ್ಲ 1890ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಜೋಸೆಫ್ ಡೇ ರೂಪಿಸಿದ ಮಾದರಿಯ ಸಂತತಿ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೇಸಿನಲ್ಲಿ, ಎಂದರೆ ಕ್ರ್ಯಾಂಕ್ ತಿರುಗುವ ಮುಚ್ಚಿದ ಪೆಟ್ಟಿಗೆಯಲ್ಲಿ, ಹೀರುವ ಬಲ ಹುಟ್ಟಿ ಗಾಳಿ, ಪೆಟ್ರೋಲ್ ಮತ್ತು ಆಯಿಲ್‌ನ ಮಿಶ್ರಣ ಒಳಗೆ ಬರುತ್ತದೆ; ಪಿಸ್ಟನ್ ಕೆಳಗಿಳಿಯುವಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಪಕ್ಕದ ದಾರಿಗಳ ಮೂಲಕ ಸಿಲಿಂಡರಿಗೆ ಏರುತ್ತದೆ, ಅದೇ ಗಳಿಗೆಯಲ್ಲಿ ಸುಟ್ಟ ಹೊಗೆ ಎದುರಿನ ಪೋರ್ಟ್ ಎಂಬ ಕಿಂಡಿಯಿಂದ ಸೈಲೆನ್ಸರಿಗೆ ಹೋಗುತ್ತದೆ. ಎಂದರೆ ಕ್ರ್ಯಾಂಕ್ ಕೇಸ್ ಇಲ್ಲಿ ಒಂದು ಪಂಪು. ಒಳಬರುವ ದಾರಿ ಕಟ್ಟಿದರೂ, ಹೊರಹೋಗುವ ದಾರಿ ಕಟ್ಟಿದರೂ, ಪಂಪು ಎಲ್ಲಿಯಾದರೂ ಸೋರಿದರೂ ಎಳೆತ ಹೋಗುತ್ತದೆ. ಇವುಗಳ ಜೊತೆಗೆ ಕಿಡಿ ಸರಿಯಾದ ಹೊತ್ತಿಗೆ ಹತ್ತಬೇಕು. ಫೋರ್-ಸ್ಟ್ರೋಕ್ ಎಂಜಿನ್ ಮಾತ್ರ ನೋಡಿದವರು ಹೊಗೆ ಹೋಗುವ ದಾರಿಯನ್ನೂ ಕ್ರ್ಯಾಂಕ್ ಕೇಸಿನ ಸೀಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ಹಳೆಯ ಟೂ-ಸ್ಟ್ರೋಕ್‌ನಲ್ಲಿ ದೋಷ ಬಹಳ ಸಲ ಅಲ್ಲಿಯೇ ಇರುತ್ತದೆ.

ಕೈ ಹಾಕುವ ಮುನ್ನ

ಪ್ಲಗ್ಗಿನ ಕ್ಯಾಪ್ ತೆಗೆದು ಪ್ಲಗ್ಗಿನಿಂದ ದೂರ ಕಟ್ಟಿಡದೆ ಬ್ಲೇಡಿನ ಹತ್ತಿರ ಕೈ ಒಯ್ಯಬಾರದು. ಪಿಸ್ಟನ್ ಒತ್ತಡದಲ್ಲಿ ನಿಂತಿದ್ದರೆ ಬ್ಲೇಡನ್ನು ಸ್ವಲ್ಪ ತಿರುಗಿಸಿದರೂ ಎಂಜಿನ್ ಒಮ್ಮೆ ಹೊಡೆಯಬಲ್ಲದು, ಅಷ್ಟು ಸಾಕು ಬೆರಳು ಹೋಗಲು. ಯಂತ್ರವನ್ನು ಮಗ್ಗುಲಾಗಿಸುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್ ಮತ್ತು ಏರ್ ಫಿಲ್ಟರ್ ಮೇಲ್ಮುಖವಾಗಿರುವಂತೆ ವಾಲಿಸಬೇಕು. ಎಲ್ಲ ಪರೀಕ್ಷೆಗಳನ್ನೂ ಬಯಲಿನಲ್ಲಿ, ನೆರಳಿನಲ್ಲಿ, ಬೀಡಿ-ಸಿಗರೇಟಿನ ಕಿಡಿಯಿಂದ ದೂರ ಮಾಡಬೇಕು. ಬೇಸಿಗೆಯ ಬಿಸಿಲಿನಲ್ಲಿ ಪೆಟ್ರೋಲ್ ಎಷ್ಟು ಬೇಗ ಆವಿಯಾಗುತ್ತದೆ ಎಂಬುದು ಈ ಭಾಗದವರಿಗೆ ಹೇಳಬೇಕಾದ ವಿಷಯವಲ್ಲ.

ಎಳೆತ ಯಾವಾಗ ಹೋಗುತ್ತದೆ ಎಂದು ಗಮನಿಸುವುದು

ಪಾನಾ ಹಿಡಿಯುವ ಮುನ್ನ ಯಂತ್ರವನ್ನು ಒಮ್ಮೆ ಓಡಿಸಿ, ಕಿವಿಗೊಟ್ಟು ಕೇಳಬೇಕು. ತಣ್ಣಗಿದ್ದಾಗ ಚೆನ್ನಾಗಿ ಎಳೆದು, ಕಾಲು ಗಂಟೆ ಕಳೆದ ಮೇಲೆ ಕುಗ್ಗಿದರೆ ಕಿಡಿಗೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್ ಮತ್ತು ಕಂಡೆನ್ಸರ್, ಟ್ಯಾಂಕ್ ಮುಚ್ಚಳದ ರಂಧ್ರ ಅಥವಾ ತಂಪಾಗದ ಸಿಲಿಂಡರಿನ ಮೇಲೆ ಅನುಮಾನ ಪಡಬೇಕು. ದಟ್ಟ ಹೊಗೆಯೊಂದಿಗೆ ಬುರ್ ಬುರ್ ಎಂದು ಒಂದು ಬಿಟ್ಟು ಒಂದು ಸಲ ಹೊಡೆಯುತ್ತಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಹೊಗೆ ಹೊರಹೋಗುತ್ತಿಲ್ಲ. ಖಾಲಿ ಓಡುವಾಗ ವೇಗ ತಾನಾಗಿ ಏರಿ ಕಿರುಗುಟ್ಟಿ, ಭಾರ ಬಿದ್ದಾಗ ಸಾಯುತ್ತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಲ್ಲೋ ಕಳ್ಳಗಾಳಿ ಸೇರುತ್ತಿದೆ. ಎರಡು ಮೂರು ವರ್ಷಗಳಲ್ಲಿ ನಿಧಾನವಾಗಿ ಕುಗ್ಗುತ್ತ ಬಂದಿದ್ದರೆ ಕಾರ್ಬನ್ ಕಟ್ಟಿದ ಪೋರ್ಟ್ ಅಥವಾ ಸವೆದ ರಿಂಗ್. ಕಲ್ಲಿಗೆ ಬಡಿದ ದಿನದಿಂದ ಕುಗ್ಗಿದ್ದರೆ ಫ್ಲೈವೀಲನ್ನು ಕ್ರ್ಯಾಂಕಿಗೆ ಹಿಡಿದಿಡುವ ಕೀ. ಬೇರೆಯವರ ಬಳಿ ದುರಸ್ತಿಗೆ ಒಯ್ಯುವುದಾದರೂ ಈ ವಿವರವನ್ನು ಹೇಳಿದರೆ ಅವರ ಅರ್ಧ ಕೆಲಸ ಮುಗಿಯುತ್ತದೆ.

ಮೊದಲು ಬ್ಲೇಡು, ಆಮೇಲೆ ಎಂಜಿನ್

ಎಂಜಿನ್ ಮೇಲೆ ದೂರು ಹೊರಿಸುವ ಮೊದಲು ಅದಕ್ಕೆ ಬೀಳುತ್ತಿರುವ ಭಾರವನ್ನು ನೋಡಬೇಕು. ಮಳೆಗಾಲದಲ್ಲಿ ಒದ್ದೆ ಹುಲ್ಲು ಎರೆಮಣ್ಣಿನೊಂದಿಗೆ ಸೇರಿ ಡೆಕ್ಕಿನ, ಎಂದರೆ ಬ್ಲೇಡಿನ ಮೇಲಿನ ಹೊದಿಕೆಯ, ಅಡಿಗೆ ಮೆತ್ತಿಕೊಂಡು, ಒಣಗಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಕತ್ತರಿಸಿದ ಹುಲ್ಲು ಹೊರಬೀಳಲು ಜಾಗವಿಲ್ಲದೆ ಬ್ಲೇಡು ಅದನ್ನೇ ಮತ್ತೆ ಮತ್ತೆ ಕಡಿಯುತ್ತಿರುತ್ತದೆ. ಮರದ ತುಂಡಿನಿಂದ ಅದನ್ನು ಪೂರ್ತಿಯಾಗಿ ಕೆರೆದು ತೆಗೆಯಬೇಕು. ಬ್ಲೇಡಿನ ಅಂಚು ದುಂಡಗಾಗಿದ್ದರೆ ಮೂಲ ಕೋನದಲ್ಲಿಯೇ ಅರದಿಂದ ಉಜ್ಜಿ ಹರಿತ ಮಾಡಿ, ಎರಡೂ ತುದಿಗಳ ತೂಕ ಸಮವಿದೆಯೇ ಎಂದು ನಡುವಿನ ರಂಧ್ರಕ್ಕೆ ಮೊಳೆ ತೂರಿಸಿ ನೋಡಬೇಕು. ಗಟ್ಟಿಯಾಗಿ ಬೆಳೆದ ಹುಲ್ಲನ್ನು ಒಂದೇ ಸಲಕ್ಕೆ ಬುಡದವರೆಗೆ ಕತ್ತರಿಸಲು ಹೋದರೆ ಹೊಸ ಯಂತ್ರವೂ ದಣಿಯುತ್ತದೆ. ಎತ್ತರ ಹೆಚ್ಚಿಸಿ ಒಮ್ಮೆ, ಇಳಿಸಿ ಇನ್ನೊಮ್ಮೆ ಕತ್ತರಿಸುವುದು ಸರಿಯಾದ ಕ್ರಮ.

ಪೆಟ್ರೋಲ್ ಮತ್ತು ಆಯಿಲ್

ಈ ಹಂತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಈ ಯಂತ್ರಗಳು ತಯಾರಾದ ಕಾಲದ ಪೆಟ್ರೋಲ್ ಬೇರೆ, ಇಂದು ಬಂಕಿನಲ್ಲಿ ಸಿಗುವುದು ಬೇರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಇ-20 ಪೆಟ್ರೋಲ್‌ನಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಇರುತ್ತದೆ. ಎಥೆನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುವುದರಿಂದ ಅದನ್ನು ಸುಡಲು ಬೇಕಾದ ಗಾಳಿ ಕಡಿಮೆ. ಶುದ್ಧ ಪೆಟ್ರೋಲ್‌ನ ಪ್ರತಿ ಒಂದು ಭಾಗಕ್ಕೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕಾದರೆ, ಇ-20ಕ್ಕೆ 13.5ರ ಆಸುಪಾಸು ಸಾಕು. ಹಳೆಯ ಕಾರ್ಬೊರೇಟರಿಗೆ ಇದು ತಿಳಿಯದು. ಅದು ಹಳೆಯ ಲೆಕ್ಕದಲ್ಲಿಯೇ ಗಾಳಿ ಬೆರೆಸುತ್ತದೆ. ಪರಿಣಾಮವಾಗಿ ಮಿಶ್ರಣ ತೆಳುವಾಗಿ (ಗಾಳಿ ಹೆಚ್ಚಾಗಿ, ಪೆಟ್ರೋಲ್ ಕಡಿಮೆಯಾಗಿ), ಎಂಜಿನ್ ಹೆಚ್ಚು ಬಿಸಿಯಾಗಿ, ಎಳೆತ ತಗ್ಗುತ್ತದೆ. ಹಳೆಯ ರಬ್ಬರ್ ಪೈಪು, ಕಾರ್ಬೊರೇಟರಿನ ತೆಳುಪೊರೆಯಾದ ಡಯಾಫ್ರಮ್, ಸೀಲುಗಳು ಎಥೆನಾಲ್‌ನಿಂದ ಉಬ್ಬಿ ಮೆತ್ತಗಾಗಬಹುದು, ಇಲ್ಲವೇ ಬಿರುಸಾಗಿ ಬಿರಿಯಬಹುದು.

ಇದಕ್ಕಿಂತ ದೊಡ್ಡ ಅಪಾಯ ನೀರು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲಿ ಉಳಿದುಬಿಡುತ್ತದೆ. ಕಾರ್ಬೊರೇಟರ್ ಹೀರುವುದು ತಳದಿಂದ; ಹೀಗಾಗಿ ಎಂಜಿನ್ನಿಗೆ ಆಯಿಲ್ ಇಲ್ಲದ ದ್ರವ ಹೋಗುತ್ತದೆ. ಪಿಸ್ಟನ್ ಗೀಚಿಕೊಳ್ಳಲು ಇಷ್ಟು ಸಾಕು.

ಮಾಡಬೇಕಾದದ್ದು ಹೀಗಿದೆ. ಟ್ಯಾಂಕಿನಲ್ಲಿರುವುದನ್ನು ಪಾರದರ್ಶಕ ಗಾಜಿನ ಬಾಟಲಿಗೆ ಇಳಿಸಿ, ಹತ್ತು ನಿಮಿಷ ಅಲುಗಿಸದೆ ಬಿಟ್ಟು ನೋಡಬೇಕು. ತಳದಲ್ಲಿ ಬೇರೆ ಪದರ ಕಂಡರೆ, ಬಣ್ಣ ಕಪ್ಪಾಗಿದ್ದರೆ, ವಾಸನೆ ವಾರ್ನಿಶ್‌ನಂತಿದ್ದರೆ ಅದನ್ನು ಮತ್ತೆ ಬಳಸಬಾರದು. ಹೊಸದಾಗಿ ತಂದ ಪೆಟ್ರೋಲ್‌ನಲ್ಲಿ ಎಥೆನಾಲ್ ಎಷ್ಟಿದೆ ಎಂದು ತಿಳಿಯಬೇಕೆಂದರೆ, ಅಳತೆಯ ಗೆರೆಗಳಿರುವ 100 ಮಿಲಿ ಗಾಜಿನ ಜಾಡಿಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ ಕುಲುಕಿ ಇಡಬೇಕು. ಎಥೆನಾಲ್ ಇಲ್ಲದಿದ್ದರೆ ತಳದ ಪದರ 10ರಲ್ಲಿಯೇ ನಿಲ್ಲುತ್ತದೆ. ಇ-20 ಆಗಿದ್ದರೆ 25ರಿಂದ 28ರವರೆಗೆ ಏರುತ್ತದೆ. ಹೀಗೆ ನೀರಿನಿಂದ ಎಥೆನಾಲ್ ತೆಗೆದ ಪೆಟ್ರೋಲನ್ನು ಎಂಜಿನ್ನಿಗೆ ಹಾಕುವ ಪದ್ಧತಿ ಕೆಲವರಲ್ಲಿದೆ. ಅದರ ಆಕ್ಟೇನ್ ಇಳಿದಿರುತ್ತದೆ, ನೀರಿನ ಅಂಶವೂ ಉಳಿದಿರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ.

ಆಯಿಲ್ ಪ್ರಮಾಣವನ್ನು ಕಣ್ಣಂದಾಜಿನಲ್ಲಿ ಸುರಿಯಬಾರದು. ಒಂದು ಲೀಟರಿಗೆ 25:1 ಎಂದರೆ 40 ಮಿಲಿ, 32:1 ಎಂದರೆ ಸುಮಾರು 31 ಮಿಲಿ, 50:1 ಎಂದರೆ 20 ಮಿಲಿ. ಯಂತ್ರದ ಮೇಲೋ ಕೈಪಿಡಿಯಲ್ಲೋ ಇರುವ ಅನುಪಾತವನ್ನೇ ಪಾಲಿಸಬೇಕು. ಹಳೆಯ ಲಾನ್ ಮೋವರ್‌ಗಳಲ್ಲಿ ಬಹಳಷ್ಟು 25:1 ಬೇಡುತ್ತವೆ. ಸುರಕ್ಷಿತವಾಗಿರಲಿ ಎಂದು ಆಯಿಲ್ ಹೆಚ್ಚು ಹಾಕುವವರು ಎರಡು ತೊಂದರೆಗಳನ್ನು ತಂದುಕೊಳ್ಳುತ್ತಾರೆ: ಕಾರ್ಬನ್ ಬೇಗ ಕಟ್ಟುತ್ತದೆ, ಮತ್ತು ಕಾರ್ಬೊರೇಟರಿನ ಸಣ್ಣ ರಂಧ್ರವಾದ ಜೆಟ್ಟಿನಲ್ಲಿ ಹಾದುಹೋಗುವ ದ್ರವದಲ್ಲಿ ಪೆಟ್ರೋಲ್‌ನ ಪಾಲು ಕಡಿಮೆಯಾಗಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಗಾಳಿಯಿಂದ ತಂಪಾಗುವ ಎಂಜಿನ್ನಿಗೆಂದೇ ಮಾಡಿದ, ಜಪಾನಿನ ಜಾಸೋ ಗುಣಮಟ್ಟದ ಎಫ್‌ಸಿ ಅಥವಾ ಎಫ್‌ಡಿ ಗುರುತಿರುವ 2ಟಿ (ಟೂ-ಸ್ಟ್ರೋಕ್) ಆಯಿಲ್ ಕೊಳ್ಳಬೇಕು; ದೋಣಿ ಎಂಜಿನ್ನಿನ ಆಯಿಲ್ ಆಗಲಿ, ಕಾರಿನ ಎಂಜಿನ್ ಆಯಿಲ್ ಆಗಲಿ ಇದಕ್ಕೆ ಸಲ್ಲದು. ಬೇರೆ ಡಬ್ಬಿಯಲ್ಲಿ ಕಲಸಿ, ಚೆನ್ನಾಗಿ ಕುಲುಕಿದ ಮೇಲೆ ಟ್ಯಾಂಕಿಗೆ ಹಾಕಬೇಕು, ಕಲಸಿದ್ದನ್ನು ತಿಂಗಳೊಳಗೆ ಮುಗಿಸಬೇಕು. ಎಷ್ಟೋ ಯಂತ್ರಗಳು ಹಳೆಯ ಪೆಟ್ರೋಲ್ ಬದಲಿಸಿದ ಮಾತ್ರಕ್ಕೆ ಸರಿಹೋಗುತ್ತವೆ. ಆದ್ದರಿಂದ ಮುಂದಿನ ಯಾವ ಪರೀಕ್ಷೆಯನ್ನೂ ಹೊಸ ಮಿಶ್ರಣ ಹಾಕಿಯೇ ಮಾಡಬೇಕು.

ಗಾಳಿ ಮತ್ತು ಪೆಟ್ರೋಲ್‌ನ ಹರಿವು

ಓಡುತ್ತಿರುವ ಎಂಜಿನ್ ಕುಗ್ಗಿದ ಗಳಿಗೆಯಲ್ಲಿಯೇ ಟ್ಯಾಂಕಿನ ಮುಚ್ಚಳವನ್ನು ಸ್ವಲ್ಪ ಸಡಿಲಿಸಬೇಕು. ಎಳೆತ ಮರಳಿದರೆ ಮುಚ್ಚಳದ ಗಾಳಿರಂಧ್ರ ಧೂಳಿನಿಂದ ಕಟ್ಟಿದೆ ಎಂದರ್ಥ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಬರದೆ ಟ್ಯಾಂಕಿನಲ್ಲಿ ಹೀರುವ ಬಲ ಹುಟ್ಟಿ ಹರಿವು ನಿಲ್ಲುತ್ತದೆ. ಸೂಜಿಯಿಂದ ರಂಧ್ರ ಬಿಡಿಸಿದರೆ ಕೆಲಸ ಮುಗಿಯಿತು. ಮುಚ್ಚಳದಿಂದ ಬದಲಾವಣೆಯಾಗದಿದ್ದರೆ, ಎಂಜಿನ್ ತಣ್ಣಗಾದ ಮೇಲೆ ಕಾರ್ಬೊರೇಟರ್ ತುದಿಯಲ್ಲಿ ಪೈಪು ಕಳಚಿ ಬಾಟಲಿಗೆ ಬಿಡಬೇಕು. ಟ್ಯಾಂಕ್ ಮೇಲಿರುವ ಯಂತ್ರದಲ್ಲಿ ಪೆಟ್ರೋಲ್ ಕಡಿಯದ ಧಾರೆಯಾಗಿ ಬೀಳಬೇಕು. ತೊಟ್ಟಿಕ್ಕಿದರೆ ಕಾಕ್, ಅದರ ಜಾಲರಿ, ಪೈಪಿನ ಒಳಮೈ ನೋಡಬೇಕು. ಹೊರಗಿನಿಂದ ಚೆನ್ನಾಗಿರುವ ಪೈಪು ಒಳಗೆ ಉಬ್ಬಿ ಮುಚ್ಚಿರುವುದುಂಟು.

ಸ್ಪಂಜಿನ ಏರ್ ಫಿಲ್ಟರನ್ನು ಸಾಬೂನು ನೀರಿನಲ್ಲಿ ಹಿಂಡಿ ತೊಳೆದು, ನೆರಳಿನಲ್ಲಿ ಒಣಗಿಸಿ, ಕೆಲವು ಹನಿ ಆಯಿಲ್ ಹಾಕಿ ಎಲ್ಲೆಡೆ ಹರಡುವಂತೆ ಹಿಂಡಿ ಕೂರಿಸಬೇಕು. ಕಾಗದದ ಫಿಲ್ಟರ್ ಆದರೆ ತೊಳೆಯದೆ ಬದಲಿಸಬೇಕು. ಫಿಲ್ಟರ್ ಇಲ್ಲದೆ ಓಡಿಸುವ ರೂಢಿಯನ್ನು ದಯವಿಟ್ಟು ಬಿಡಬೇಕೆಂದು ಇಲ್ಲಿ ಒತ್ತಿ ಹೇಳುತ್ತೇನೆ. ಫೋರ್-ಸ್ಟ್ರೋಕ್‌ನಲ್ಲಿ ಧೂಳು ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಅದು ಮೊದಲು ಕ್ರ್ಯಾಂಕ್ ಕೇಸಿಗೆ ಬಂದು, ಆಯಿಲ್‌ನೊಂದಿಗೆ ಸೇರಿ ಬೇರಿಂಗುಗಳನ್ನು ತೇಯ್ದು, ಆಮೇಲೆ ರಿಂಗನ್ನೂ ಬೋರನ್ನೂ ಸವೆಸುತ್ತದೆ. ಕೆಂಪು ಜಂಬಿಟ್ಟಿಗೆ ಮಣ್ಣಿನ ಬೀದರ್ ಇರಲಿ, ಎರೆಭೂಮಿಯ ಕಲಬುರಗಿ ಇರಲಿ, ಬೇಸಿಗೆಯ ಧೂಳಿನಲ್ಲಿ ಈ ಸವೆತ ಒಂದೇ ಹಂಗಾಮಿನಲ್ಲಿ ಕಾಣಿಸಿಕೊಳ್ಳಬಹುದು. ಇದೇ ಹೊತ್ತಿನಲ್ಲಿ ಚೋಕ್ ಪೂರ್ತಿ ತೆರೆಯುತ್ತಿದೆಯೇ, ಆಕ್ಸಿಲರೇಟರ್ ಕೇಬಲ್ ಎಳೆದಾಗ ಥ್ರಾಟಲ್ ಕೊನೆಯವರೆಗೆ ಹೋಗುತ್ತಿದೆಯೇ ಎಂದೂ ನೋಡಿಕೊಳ್ಳಬೇಕು.

ಪ್ಲಗ್, ಕಿಡಿ ಮತ್ತು ಫ್ಲೈವೀಲಿನ ಕೀ

ಭಾರದಲ್ಲಿ ಓಡಿಸಿ ನಿಲ್ಲಿಸಿದ ಮೇಲೆ ಪ್ಲಗ್ ತೆಗೆದು ಬಣ್ಣ ನೋಡಬೇಕು. ತಿಳಿ ಕಾಫಿ ಬಣ್ಣ ಸರಿ. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚು. ಬೆಳ್ಳಗೆ ಸುಣ್ಣದಂತಾಗಿದ್ದರೆ ಮಿಶ್ರಣ ತೆಳು, ಹಾಗೇ ಮುಂದುವರಿಸಿದರೆ ಪಿಸ್ಟನ್ ಉಳಿಯದು. ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.6 ಮಿಲಿಮೀಟರ್. ಹೊಸ ಪ್ಲಗ್ ಕೊಳ್ಳುವಾಗ ತಿರುಪಿನ ಚೂಡಿ ಹೊಂದಿದರೆ ಸಾಲದು, ಅದೇ ನಂಬರಿನದು ಬೇಕು, ಏಕೆಂದರೆ ಶಾಖವನ್ನು ಸಾಗಿಸುವ ಗುಣ ನಂಬರಿನಿಂದ ನಂಬರಿಗೆ ಬೇರೆ. ಹೊಸ ಪ್ಲಗ್ಗಿನಿಂದಲೂ ಕಿಡಿ ಹಳದಿಯಾಗಿ ಸಣಕಲಾಗಿದ್ದರೆ, ಫ್ಲೈವೀಲಿನ ಅಡಿಯಲ್ಲಿ ಪಾಯಿಂಟ್ (ಕಿಡಿಯ ಹೊತ್ತಿಗೆ ವಿದ್ಯುತ್ ಕಡಿಯುವ ಸ್ವಿಚ್ಚು) ಇರುವ ಹಳೆಯ ಮಾದರಿಯಲ್ಲಿ ಪಾಯಿಂಟಿನ ಮೈಯನ್ನು ಗಟ್ಟಿ ಕಾಗದದಿಂದ ಒರೆಸಿ, ಗ್ಯಾಪನ್ನು ಫೀಲರ್ ಗೇಜಿನಿಂದ 0.35ರಿಂದ 0.4 ಮಿಲಿಮೀಟರಿಗೆ ಹೊಂದಿಸಬೇಕು. ಪಾಯಿಂಟ್ ಪದೇ ಪದೇ ಸುಟ್ಟು ಕುಳಿ ಬೀಳುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಎಂಜಿನ್ ಬಿಸಿಯಾಗಿ ಕುಗ್ಗಿದ ತಕ್ಷಣ ಕಿಡಿ ನೋಡಿದರೆ ಮಾತ್ರ ಕಾಯಿಲಿನ ದೋಷ ಸಿಗುತ್ತದೆ. ತಣ್ಣಗಾದ ಮೇಲೆ ಅದು ಸರಿಯಾಗಿಯೇ ಕಾಣುತ್ತದೆ. ಕಿಡಿ ನೋಡುವಾಗ ಪ್ಲಗ್ಗನ್ನು ಸಿಲಿಂಡರಿನ ರಂಧ್ರದಿಂದ ದೂರ ಹಿಡಿಯಬೇಕು, ಅಲ್ಲಿಂದ ಪೆಟ್ರೋಲ್ ಆವಿ ಹೊರಬರುತ್ತಿರುತ್ತದೆ.

ಈ ಭಾಗದ ಹೂದೋಟಗಳ ಅಂಚಿಗೂ ಕಾಲುದಾರಿಗೂ ಶಹಾಬಾದ್ ಫರ್ಸಿ ಕಲ್ಲು ಹಾಸುವುದು ಸಾಮಾನ್ಯ. ಹುಲ್ಲಿನಲ್ಲಿ ಮುಚ್ಚಿದ ಫರ್ಸಿಯ ಅಂಚಿಗೆ ಬ್ಲೇಡು ಬಡಿದಾಗ ಕ್ರ್ಯಾಂಕ್ ಥಟ್ಟನೆ ನಿಲ್ಲುತ್ತದೆ, ಮೇಲಿನ ಭಾರವಾದ ಫ್ಲೈವೀಲ್ ಮಾತ್ರ ತಿರುಗಲು ನೋಡುತ್ತದೆ. ಎರಡನ್ನೂ ಹಿಡಿದಿರುವ ಚಿಕ್ಕ ಕೀ ಅರ್ಧ ಕತ್ತರಿಸಿಹೋಗುತ್ತದೆ. ಎಂಜಿನ್ ಆಮೇಲೂ ಓಡುತ್ತದೆ, ಆದರೆ ಕಿಡಿಯ ಹೊತ್ತು ತಪ್ಪಿರುತ್ತದೆ; ಎಳೆತವಿಲ್ಲ, ಕೆಲವೊಮ್ಮೆ ಹಗ್ಗ ಎಳೆದಾಗ ಕೈಗೆ ಹಿಂದಕ್ಕೆ ಹೊಡೆಯುತ್ತದೆ. ಫ್ಲೈವೀಲನ್ನು ಪುಲ್ಲರ್‌ನಿಂದಲೇ ತೆಗೆಯಬೇಕು, ಸುತ್ತಿಗೆಯಿಂದ ಬಡಿದರೆ ಅದರ ಅಯಸ್ಕಾಂತವೂ ಕ್ರ್ಯಾಂಕಿನ ಚೂಡಿಯೂ ಹಾಳು. ಕೀ ಜರುಗಿದ್ದರೆ ಹೊಸದನ್ನೇ ಹಾಕಬೇಕು. ಗಟ್ಟಿ ಉಕ್ಕಿನ ತುಂಡನ್ನು ಅರೆದು ಹಾಕಿದರೆ ಮುಂದಿನ ಪೆಟ್ಟು ನೇರವಾಗಿ ಕ್ರ್ಯಾಂಕಿಗೆ ಬೀಳುತ್ತದೆ. ಹಾಗೆಯೇ ಪ್ಲಗ್ ತೆಗೆದು ಬ್ಲೇಡನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಎರಡೂ ತುದಿಗಳು ಡೆಕ್ಕಿನ ಒಂದೇ ಬಿಂದುವಿನಿಂದ ಸಮ ಎತ್ತರದಲ್ಲಿ ಹಾಯುತ್ತಿವೆಯೇ ಎಂದು ಅಳೆಯಬೇಕು. ನೆಟ್ಟಗಿರುವ ಬ್ಲೇಡಿನಲ್ಲಿಯೂ ವ್ಯತ್ಯಾಸ ಕಂಡರೆ ಕ್ರ್ಯಾಂಕ್ ಬಾಗಿದೆ. ಅದನ್ನು ಬಡಿದು ನೆಟ್ಟಗೆ ಮಾಡಿಸಿ ಬಳಸುವುದು ಅಪಾಯ.

ಹೊಗೆ ಹೋಗುವ ದಾರಿ

ನಿಧಾನವಾಗಿ ಎಳೆತ ಕಳೆದುಕೊಂಡ ಯಂತ್ರದಲ್ಲಿ ನಾನು ಮೊದಲು ಅನುಮಾನಿಸುವುದು ಸೈಲೆನ್ಸರನ್ನು. ಅರೆಸುಟ್ಟ ಆಯಿಲ್ ಕಾರ್ಬನ್ ಆಗಿ ಪೋರ್ಟಿನ ಅಂಚಿನಲ್ಲಿ, ಸೈಲೆನ್ಸರಿನ ಬಾಯಲ್ಲಿ, ಕಿಡಿ ತಡೆಯುವ ಜಾಲರಿಯಿದ್ದರೆ ಅದರ ಕಣ್ಣುಗಳಲ್ಲಿ ಪದರ ಪದರವಾಗಿ ಕೂರುತ್ತದೆ. ಸುಟ್ಟ ಹೊಗೆ ಪೂರ್ತಿ ಹೋಗದೆ ಸಿಲಿಂಡರಿನಲ್ಲಿಯೇ ಉಳಿದಾಗ ಹೊಸ ಮಿಶ್ರಣಕ್ಕೆ ಜಾಗವಿರುವುದಿಲ್ಲ. ಪ್ಲಗ್, ಕಿಡಿ, ಕಾರ್ಬೊರೇಟರ್ ಎಲ್ಲವೂ ಸರಿಯಿದ್ದೂ ಎಂಜಿನ್ ಮುಖ್ಯ ಕೆಲಸದ ಹೊತ್ತಿಗೆ ಕೈಕೊಡುತ್ತದೆ.

ತಣ್ಣಗಾದ ಎಂಜಿನ್ನಿನಿಂದ ಸೈಲೆನ್ಸರ್ ಕಳಚಿ, ಯಂತ್ರವನ್ನು ಒಣಹುಲ್ಲಿಲ್ಲದ ಜಾಗದಲ್ಲಿಟ್ಟು, ಕಿವಿಗೆ ಹತ್ತಿ ಇಟ್ಟುಕೊಂಡು ಕೆಲವೇ ಸೆಕೆಂಡು ಓಡಿಸಿ ನೋಡಬಹುದು. ಪೋರ್ಟಿನಿಂದ ಬೆಂಕಿಯ ಕಿಡಿ ಹಾರುವುದರಿಂದ ಅದರ ಎದುರು ಯಾರೂ ನಿಲ್ಲಬಾರದು. ಆಕ್ಸಿಲರೇಟರ್‌ಗೆ ಎಂಜಿನ್ ಈಗ ಚುರುಕಾಗಿ ಸ್ಪಂದಿಸಿದರೆ ಸೈಲೆನ್ಸರ್ ಕಟ್ಟಿರುವುದು ಖಚಿತ. ಉಕ್ಕಿನ ಸೈಲೆನ್ಸರನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ರಾತ್ರಿಯಿಡೀ ನೆನೆಹಾಕಿ ತೊಳೆದರೆ ಕಾರ್ಬನ್ ಬಿಡುತ್ತದೆ. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ನೀರನ್ನು ಸೋಡಾದ ಮೇಲೆ ಸುರಿಯಬಾರದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಭಾಗವನ್ನು ಈ ದ್ರಾವಣಕ್ಕೆ ಹಾಕಿದರೆ ಲೋಹವೇ ಕರಗಿ ಹೈಡ್ರೋಜನ್ ಹೊರಬರುತ್ತದೆ.

ಪೋರ್ಟ್ ಕೆರೆಯುವಾಗ ಹಗ್ಗವನ್ನು ನಿಧಾನವಾಗಿ ಎಳೆದು, ಪಿಸ್ಟನ್ನಿನ ಪಕ್ಕದ ಮೈ ಪೋರ್ಟನ್ನು ಪೂರ್ತಿ ಮುಚ್ಚುವಂತೆ ನಿಲ್ಲಿಸಬೇಕು; ಆಗ ಕಾರ್ಬನ್ ಒಳಗೆ ಬೀಳುವುದಿಲ್ಲ. ಬಿದಿರಿನ ಚಪ್ಪಟೆ ತುಂಡು ಇದಕ್ಕೆ ತಕ್ಕ ಸಾಧನ. ಸ್ಕ್ರೂಡ್ರೈವರ್ ಬಳಸಿದರೆ ಪಿಸ್ಟನ್ ಮೇಲೆ ಗೀರು ಬಿದ್ದು ಮಾಡಿದ ಕೆಲಸಕ್ಕಿಂತ ಕೆಡಿಸಿದ್ದೇ ಹೆಚ್ಚಾಗುತ್ತದೆ. ಪುಡಿಯನ್ನೆಲ್ಲ ಊದಿ ತೆಗೆದ ಮೇಲೆ ಪಿಸ್ಟನ್ ಸರಿಸುತ್ತ ಟಾರ್ಚ್ ಹಾಕಿ ಪೋರ್ಟಿನೊಳಗೆ ನೋಡಬೇಕು. ಪಿಸ್ಟನ್ ಮೈ ನುಣುಪಾಗಿ, ಯಂತ್ರದಲ್ಲಿ ಕಡೆದ ಸಣ್ಣ ಅಡ್ಡಗೆರೆಗಳು ಕಾಣುವಂತಿದ್ದರೆ ನೆಮ್ಮದಿ. ಉದ್ದುದ್ದ ಗೀರುಗಳು, ಅಲ್ಯೂಮಿನಿಯಂ ಸವರಿದಂಥ ಗುರುತು ಕಂಡರೆ ಎಂಜಿನ್ ಒಮ್ಮೆ ಹಿಡಿದುಕೊಂಡಿದೆ. ರಿಂಗ್ ಪೋರ್ಟಿನ ಎದುರು ಬಂದಾಗ ಕಡ್ಡಿಯಿಂದ ಮೆಲ್ಲಗೆ ಒತ್ತಬೇಕು; ಒಳಹೋಗಿ ಚಿಮ್ಮಿ ಮರಳಬೇಕು. ಅಲುಗದಿದ್ದರೆ ಅದು ಕಾರ್ಬನ್ನಿನಲ್ಲಿ ಅಂಟಿದೆ.

ಕಂಪ್ರೆಷನ್

ಪಿಸ್ಟನ್ ಸಿಲಿಂಡರಿನಲ್ಲಿ ಹುಟ್ಟಿಸುವ ಒತ್ತಡವೇ ಕಂಪ್ರೆಷನ್. ಪ್ಲಗ್ಗಿನ ಜಾಗಕ್ಕೆ ಕಂಪ್ರೆಷನ್ ಗೇಜ್ ಕೂರಿಸಿ, ಥ್ರಾಟಲ್ ಮತ್ತು ಚೋಕ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಬೇಕು. ಕೈಪಿಡಿಯ ಅಂಕಿ ಇದ್ದರೆ ಅದೇ ಪ್ರಮಾಣ. ಇಲ್ಲದಿದ್ದರೆ 100 ಪಿಎಸ್‌ಐ (ಒತ್ತಡದ ಅಳತೆ) ಮೇಲಿದ್ದರೆ ಮುಂದುವರಿಯಬಹುದು, 90ಕ್ಕಿಂತ ಕೆಳಗಿದ್ದರೆ ಉಳಿದ ದುರಸ್ತಿಗಳಿಂದ ಹೆಚ್ಚಿನ ಫಲ ಸಿಗದು. ಕೆಲವು ಹನಿ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಸುತ್ತ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಬೇಕು.

ಕ್ರ್ಯಾಂಕ್ ಕೇಸಿನ ಸೋರಿಕೆ

ಇದುವರೆಗಿನ ಎಲ್ಲವೂ ಸರಿಯಿದ್ದು, ಮಿಶ್ರಣದ ಸ್ಕ್ರೂ ತಿರುಗಿಸಿದರೂ ಎಂಜಿನ್ ಕೇಳದಿದ್ದರೆ, ಖಾಲಿ ಓಡುವಾಗ ವೇಗ ಏರಿಳಿಯುತ್ತಿದ್ದರೆ, ಯಂತ್ರವನ್ನು ವಾಲಿಸಿದಾಗ ಸದ್ದು ಬದಲಾದರೆ ಆಯಿಲ್ ಸೀಲುಗಳನ್ನು ಪರೀಕ್ಷಿಸುವ ಹೊತ್ತು ಬಂದಿದೆ. ಕ್ರ್ಯಾಂಕಿನ ಮೇಲ್ತುದಿಯಲ್ಲಿ ಒಂದು, ಬ್ಲೇಡಿನ ಕಡೆ ಒಂದು ಸೀಲ್ ಇರುತ್ತದೆ. ಬ್ಲೇಡಿನ ಕಡೆಯದು ಮಣ್ಣು, ಸುತ್ತಿಕೊಂಡ ನಾರು, ಪೆಟ್ಟುಗಳಿಂದ ಬೇಗ ಹೋಗುತ್ತದೆ. ಓಡುವ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮುಕಿಸಿ ಸೋರಿಕೆ ಹುಡುಕುವ ಪದ್ಧತಿಯನ್ನು ಖಂಡಿತ ಅನುಸರಿಸಬಾರದು, ಅದು ಬೆಂಕಿಗೆ ಆಹ್ವಾನ.

ಸುರಕ್ಷಿತ ವಿಧಾನ ಒತ್ತಡದ ಪರೀಕ್ಷೆ. ಸೈಲೆನ್ಸರ್ ಮತ್ತು ಕಾರ್ಬೊರೇಟರ್ ಕಳಚಿ, ಹಳೆಯ ಟ್ಯೂಬಿನ ರಬ್ಬರ್ ತುಂಡು ಮತ್ತು ತಗಡಿನ ಪಟ್ಟಿಯಿಂದ ಎರಡೂ ಬಾಯಿಗಳನ್ನು ಬೋಲ್ಟ್ ಬಿಗಿದು ಮುಚ್ಚಬೇಕು; ಒಳಬರುವ ಬಾಯಿಯ ತಗಡಿನಲ್ಲಿ ಸಣ್ಣ ನಳಿಕೆ ಕೂರಿಸಬೇಕು. ಗಾಳಿ ತುಂಬಲು ಮುಳ್ಳಿನ ಡಯಲ್ ಇರುವ ರಕ್ತದೊತ್ತಡ ಮಾಪಕದ ಬಲ್ಬ್ ಮತ್ತು ಡಯಲ್ ತುಂಬ ಅನುಕೂಲ. ನಮಗೆ ಬೇಕಾದದ್ದು ಸುಮಾರು 5 ಪಿಎಸ್‌ಐ, ಅದು ಡಯಲಿನಲ್ಲಿ 260ರ ಗೆರೆ. ಆ ಒತ್ತಡ ಒಂದು ನಿಮಿಷ ಹೆಚ್ಚುಕಡಿಮೆ ನಿಲ್ಲಬೇಕು. ಇಳಿದರೆ ಎರಡೂ ಸೀಲು, ಸಿಲಿಂಡರಿನ ಬುಡ, ಕೇಸಿನ ಜೋಡಣೆ, ಪ್ಲಗ್ಗಿನ ಸುತ್ತ ಸಾಬೂನು ನೀರು ಹಚ್ಚಬೇಕು. ಗುಳ್ಳೆ ಎದ್ದ ಜಾಗವೇ ಕಳ್ಳಗಾಳಿಯ ದಾರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಜೋಡಿಸಬಾರದು, ಅದರ ಒತ್ತಡಕ್ಕೆ ಒಳ್ಳೆಯ ಸೀಲೂ ಹಾರಿಹೋಗುತ್ತದೆ. ಸೀಲಿನ ಒಳ-ಹೊರ ವ್ಯಾಸ ಮತ್ತು ದಪ್ಪವನ್ನು ಅದರ ಮೇಲೆಯೇ ಬರೆದಿರುತ್ತಾರೆ; ಅಳತೆ ಹೇಳಿದರೆ ಬೇರಿಂಗ್ ಅಂಗಡಿಯಲ್ಲಿ ಬಹುಮಟ್ಟಿಗೆ ಸಿಗುತ್ತದೆ. ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ರೀಡ್ ವಾಲ್ವ್ ಇರುವ ಎಂಜಿನ್ನಿನಲ್ಲಿ ಅದರ ತೆಳುವಾದ ಎಲೆಗಳು ಬಿರಿದಿಲ್ಲದೆ, ಬೆಳಕು ಕಾಣದಷ್ಟು ಹೊಂದಿಕೊಂಡು ಕೂತಿರಬೇಕು.

ಈಗ ಕಾರ್ಬೊರೇಟರ್

ಸ್ಕ್ರೂಗಳನ್ನು ತೆಗೆಯುವ ಮೊದಲು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ತಿರುಗಿದ ಮೇಲೆ ಕೂರುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಫ್ಲೋಟ್ ಇರುವ ಮಾದರಿಯಲ್ಲಿ ಬಟ್ಟಲಿನ ತಳದ ನೀರು, ಬಿಳಿ ಪುಡಿ, ಅಂಟನ್ನು ತೊಳೆದು, ಮುಖ್ಯ ಜೆಟ್ಟನ್ನು ಕ್ಲೀನರ್ ಸ್ಪ್ರೇ ಮತ್ತು ಗಾಳಿಯಿಂದ ಬಿಡಿಸಬೇಕು. ತಂತಿ ತೂರಿಸಿದರೆ ರಂಧ್ರ ದೊಡ್ಡದಾಗುತ್ತದೆ, ಮೀನಿನ ಗಾಳದ ನೈಲಾನ್ ದಾರ ಸಾಕು. ಡಯಾಫ್ರಮ್ ಇರುವ ಮಾದರಿಯಲ್ಲಿ ಅದು ಬಿರುಸಾಗಿದ್ದರೆ ತೊಳೆದು ಪ್ರಯೋಜನವಿಲ್ಲ, ಕಿಟ್ ಬದಲಿಸಬೇಕು. ತೊಗರಿಗೆ ಔಷಧ ಹೊಡೆಯುವ ಪೆಟ್ರೋಲ್ ಸ್ಪ್ರೇಯರ್‌ಗಳಲ್ಲಿಯೂ ಇದೇ ಬಗೆಯ ಕಾರ್ಬೊರೇಟರ್ ಇರುವುದುಂಟು. ಆದ್ದರಿಂದ ಅವುಗಳನ್ನು ದುರಸ್ತಿ ಮಾಡುವವರ ಬಳಿ ವಿಚಾರಿಸುವುದು ಒಳ್ಳೆಯದು. ಅವರಿಗೆ ಈ ಕೆಲಸದಲ್ಲಿ ಪಳಗಿದ ಕೈ ಇರುತ್ತದೆ.

ಬಿಸಿಲಿನ ಪಾಲು

ಕಲಬುರಗಿಯ ಮೇ ತಿಂಗಳ 43-44 ಡಿಗ್ರಿಯಲ್ಲಿ ಗಾಳಿಯೇ ತೆಳುವಾಗಿರುತ್ತದೆ. 30 ಡಿಗ್ರಿಯ ಬೆಳಗಿಗೆ ಹೋಲಿಸಿದರೆ ನೂರಕ್ಕೆ ನಾಲ್ಕರಷ್ಟು ಕಡಿಮೆ ಗಾಳಿ ಎಂಜಿನ್ನಿಗೆ ಸಿಗುತ್ತದೆ. ಅಷ್ಟು ಎಳೆತ ಕಡಿಮೆಯಾದರೆ ಅದು ದೋಷವಲ್ಲ. ಆದರೆ ಸಿಲಿಂಡರಿನ ರೆಕ್ಕೆಗಳ ನಡುವೆ ಒಣಹುಲ್ಲು, ಧೂಳು, ಯಂತ್ರ ನಿಂತಿದ್ದ ತಿಂಗಳುಗಳಲ್ಲಿ ಇಲಿ ಕಟ್ಟಿದ ಗೂಡು ತುಂಬಿದ್ದರೆ ಎಂಜಿನ್ ಬೆಂದುಹೋಗುತ್ತದೆ. ಮೇಲಿನ ಕವರ್ ಬಿಚ್ಚಿ ಬ್ರಷ್ಷಿನಿಂದ ಸ್ವಚ್ಛ ಮಾಡಬೇಕು, ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಬೇಕು.

ಕೊನೆಯ ಹೊಂದಾಣಿಕೆ

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಏರ್ ಫಿಲ್ಟರ್ ಹಾಕಿಕೊಂಡೇ ಮಿಶ್ರಣ ಹೊಂದಿಸಬೇಕು. ಹೆಚ್ಚಿನ ವೇಗದ ಸ್ಕ್ರೂ ಇರುವ ಮಾದರಿಯಲ್ಲಿ ಒಂದೂವರೆ ಸುತ್ತು ತೆರೆದು ಪ್ರಾರಂಭಿಸಿ, ಪೂರ್ತಿ ವೇಗದಲ್ಲಿ ಎಂಟನೆಯ ಒಂದು ಸುತ್ತಿನಷ್ಟು ಮಾತ್ರ ಒಳಕ್ಕೆ ತಿರುಗಿಸುತ್ತ ಹೋಗಬೇಕು. ವೇಗ ತುತ್ತತುದಿ ಮುಟ್ಟಿದ ಮೇಲೆ ಮತ್ತೆ ಹೊರಕ್ಕೆ ತಿರುಗಿಸಿ, ಖಾಲಿ ಓಡುವಾಗ ಸ್ವಲ್ಪ ಬುರ್ ಎನ್ನುವಲ್ಲಿ ನಿಲ್ಲಿಸಬೇಕು. ಹುಲ್ಲಿಗೆ ಇಳಿದಾಗ ಆ ಸದ್ದು ತಾನಾಗಿ ಸಾಫಾಗುತ್ತದೆ. ಸೂಜಿ ಇರುವ ಮಾದರಿಯಲ್ಲಿ ಕ್ಲಿಪ್ಪನ್ನು ಒಂದು ಗೆರೆ ಕೆಳಗಿಳಿಸಿದರೆ ಮಿಶ್ರಣ ದಪ್ಪವಾಗುತ್ತದೆ. ಇ-20 ಬಳಸುವ ಹಳೆಯ ಯಂತ್ರಕ್ಕೆ ಬಹುಮಟ್ಟಿಗೆ ಈ ಬದಲಾವಣೆ ಬೇಕಾಗುತ್ತದೆ. ಎಳೆತ ತುಸು ಕಡಿಮೆ ಎನಿಸಿದರೂ ಮಿಶ್ರಣವನ್ನು ದಪ್ಪದ ಕಡೆಗೇ ಇಡಬೇಕು, ಏಕೆಂದರೆ ಈ ಎಂಜಿನ್ನಿಗೆ ಆಯಿಲ್ ಬರುವುದು ಪೆಟ್ರೋಲ್‌ನ ಜೊತೆಯಲ್ಲಿ ಮಾತ್ರ.

ನಂತರ ಹೊಸ ಪ್ಲಗ್ ಹಾಕಿ, ದಟ್ಟ ಹುಲ್ಲಿನಲ್ಲಿ ಐದು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ, ವೇಗ ಇಳಿಸದೆಯೇ ಇಗ್ನಿಷನ್ ಬಂದ್ ಮಾಡಿ, ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ತೆಗೆದು ಬಣ್ಣ ನೋಡಬೇಕು. ಬೆಳ್ಳಗಿದ್ದರೆ ಸ್ಕ್ರೂವನ್ನು ಇನ್ನೂ ಎಂಟನೆಯ ಒಂದು ಸುತ್ತು ಹೊರಕ್ಕೆ ತಿರುಗಿಸಿ ಮತ್ತೆ ಓಡಿಸಬೇಕು. ತಿಳಿ ಕಾಫಿ ಬಣ್ಣ ಬಂದ ಮೇಲೆ ಸ್ಕ್ರೂ ಎಷ್ಟು ಸುತ್ತು ತೆರೆದಿದೆ ಎಂಬುದನ್ನು, ಆಯಿಲ್‌ನ ಅನುಪಾತ ಮತ್ತು ಪ್ಲಗ್ಗಿನ ನಂಬರಿನ ಜೊತೆಗೆ, ಅಳಿಸಿಹೋಗದ ಮಾರ್ಕರ್‌ನಿಂದ ಮೇಲಿನ ಕವರಿನ ಒಳಮೈಯಲ್ಲಿ ಬರೆದಿಡಬೇಕು.